ಸೀಟಿಯಕ್ಕ ಊದದೆ ಬಿಟ್ಟ ಸೀಟಿ

ಒಂದು ಒಳ್ಳೆಯ ಟಾರ್ಚ್ ಕೊಳ್ಳಲು ತೋಟದ ಕೆಲಸದವರ ಒಂದು ದಿನದ ಸಂಬಳ ಬೇಕು. ಕಣಕಾಲು ಮುಚ್ಚುವ ಗಟ್ಟಿ ಬೂಟು ಒಂದು ಜೊತೆಗೆ ನಾಲ್ಕು ದಿನದ ಸಂಬಳ. ನೆಲ ತಟ್ಟುತ್ತ ನಡೆಯಲು ಬೇಕಾದ ಕೋಲಿಗೆ ಏನೂ ಬೇಡ, ಬಗ್ಗಿ ಎತ್ತಿಕೊಳ್ಳುವ ಮನಸ್ಸಿದ್ದರೆ ಸಾಕು. ಇನ್ನು ಹಾವು ಕಚ್ಚಿದ ಮೇಲಿನ ಲೆಕ್ಕ ನೋಡಿ. ವಿಷಕ್ಕೆ ಕೊಡುವ ಔಷಧಿಯ ಒಂದು ಬಾಟಲಿಗೆ ಮೂರು ದಿನದ ಸಂಬಳ, ಅಂಥವು ಮೊದಲ ಸುತ್ತಿಗೇ ಹತ್ತು ಬೇಕಾದೀತು. ಉಸಿರಾಟದ ಯಂತ್ರದ ಒಂದೊಂದು ದಿನಕ್ಕೂ ಒಂದು ತಿಂಗಳ ದುಡಿಮೆ ಹೋಗುತ್ತದೆ. ಈ ಎರಡು ಪಟ್ಟಿಗಳ ನಡುವೆ ಹನ್ನೊಂದು ನಿಮಿಷದ ಒಂದು ಮಾತಿದೆ. ಆ ಮಾತನ್ನು ಮೂವತ್ತೊಂದು ವರ್ಷ, ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ, ಒಂದಿಷ್ಟೂ ಬೇಸರವಿಲ್ಲದೆ ಆಡಿದವರು ನಮ್ಮ ಕಾಡಂಚಿನ ವಸತಿಗೃಹದ ಸುರಕ್ಷತಾ ಮೇಲ್ವಿಚಾರಕಿ. ಕಾಗದಪತ್ರಗಳಲ್ಲಿ ಅವರಿಗೆ ಬೇರೆ ಹೆಸರಿರಬಹುದು. ಅಡುಗೆಮನೆಯಿಂದ ಹಿಡಿದು ಆಸ್ಪತ್ರೆಯ ತುರ್ತು ವಿಭಾಗದವರೆಗೆ ಎಲ್ಲರ ಬಾಯಲ್ಲೂ ಅವರು ಸೀಟಿಯಕ್ಕ.

ಬಿಸಿಲಿನ ದೇಶಗಳ ಕಾಡು ನೋಡಲು ಬರುವವರನ್ನು ಕರೆದೊಯ್ಯುವುದು ಒಂದು ವಿದ್ಯೆಯಾದರೆ, ಅವರನ್ನು ಬಂದ ಹಾಗೆಯೇ ವಾಪಸ್ ಕಳಿಸುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಫೋಟೊ ಉಂಟು, ಚಪ್ಪಾಳೆ ಉಂಟು. ಎರಡನೆಯದು ಚೆನ್ನಾಗಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ನಡೆದಿರುವುದಿಲ್ಲ. ನಡೆಯದೇ ಹೋದದ್ದಕ್ಕಾಗಿ ಒಬ್ಬರನ್ನು ಅಭಿನಂದಿಸುವುದು ಹೇಗೆ ಎಂದು ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ತಲೆ ಕೆರೆದುಕೊಂಡರಂತೆ. ಆದರೆ ಒಂದು ಸಲ ನಡೆಯಿತು. ಅದನ್ನೇ ಬರೆಯಬೇಕೆಂದು ಕೇಳಿದವರು ಬೇರೆ ಯಾರೂ ಅಲ್ಲ, ಸೀಟಿಯಕ್ಕನವರೇ. "ಹೊಗಳಿಕೆ ಎರಡು ಸಾಲು ಸಾಕು. ನನ್ನ ತಪ್ಪು ಪೂರ್ತಿ ಬರೀರಿ" ಎಂದರು. ಅವರ ಮಾತು ಮೀರಿ ಹೊಗಳಿಕೆ ನಾಲ್ಕು ಸಾಲು ಜಾಸ್ತಿಯಾದರೆ ಅವರು ಕ್ಷಮಿಸಬೇಕು.

ಅವರು ಇಲ್ಲಿಗೆ ಬಂದದ್ದು ಬಟ್ಟೆ ಒಗೆಸುವ ವಿಭಾಗಕ್ಕೆ. ಹಾಸಿಗೆಯ ಹೊದಿಕೆ ಎಣಿಸುವುದು, ಸೋಪಿನ ಪುಡಿ ಅಳೆಯುವುದು, ಇಷ್ಟೇ ಕೆಲಸ. ಓದು ಅರ್ಧಕ್ಕೆ ನಿಂತಿತ್ತು. ಪಟ್ಟಣದಲ್ಲಿ ದರ್ಜಿ ಅಂಗಡಿ ಇಟ್ಟಿದ್ದ ಯಜಮಾನರ ದುಡಿಮೆ ಮನೆ ಬಾಡಿಗೆಗೇ ಸರಿಹೋಗುತ್ತಿತ್ತು, ಹಾಗಾಗಿ ಬಂದರು. ಕೆಲಸಕ್ಕೆ ಸೇರಿ ಎರಡನೆಯ ತಿಂಗಳಿನಲ್ಲಿ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಅತಿಥಿಗಳು ಸಂಜೆ ಬೂಟು ಕಳಚಿ ಜಗಲಿಯಲ್ಲಿ ಬಿಡುತ್ತಾರೆ, ಬೆಳಗ್ಗೆ ಹಾಗೆಯೇ ಕಾಲು ತೂರಿಸುತ್ತಾರೆ. ಒಂದು ಬೆಳಗ್ಗೆ ಅವರು ಸುಮ್ಮನೆ ಕುತೂಹಲಕ್ಕೆ ಜಗಲಿಯ ಇಪ್ಪತ್ತು ಬೂಟುಗಳನ್ನೂ ಒಂದೊಂದಾಗಿ ತಲೆಕೆಳಗು ಮಾಡಿ ಕೊಡವಿದರು. ಎರಡು ಚೇಳು, ಒಂದು ಕಪ್ಪೆ, ಯಾರದೋ ಕಳೆದುಹೋದ ಒಂದು ಉಂಗುರ ಬಿದ್ದವು. ಉಂಗುರ ಸಿಕ್ಕಿದ್ದಕ್ಕೆ ಅತಿಥಿ ಹತ್ತು ಸಲ ಕೈಮುಗಿದರು. ಚೇಳು ಸಿಕ್ಕಿದ್ದಕ್ಕೆ ಯಾರೂ ಏನೂ ಹೇಳಲಿಲ್ಲ. "ಆವತ್ತೇ ನಂಗೆ ಈ ಕೆಲಸ ಅರ್ಥ ಆಯ್ತು" ಎನ್ನುತ್ತಾರೆ ಅಕ್ಕ.

ಮರುದಿನದಿಂದ ಜಗಲಿಯಲ್ಲಿ ನಿಂತು ಎಲ್ಲರಿಗೂ ಹೇಳತೊಡಗಿದರು. ಮೊದಮೊದಲು ಅವರ ಮಾತು ಭಯಂಕರವಾಗಿತ್ತಂತೆ. ಯಾವ ಹಾವು ಕಚ್ಚಿದರೆ ಏನಾಗುತ್ತದೆ, ಎಷ್ಟು ಹೊತ್ತಿಗೆ ಉಸಿರು ನಿಲ್ಲುತ್ತದೆ ಎಂದೆಲ್ಲ ಹೇಳಿದ ಮೇಲೆ ಒಬ್ಬ ಹೆಂಗಸು ಪೆಟ್ಟಿಗೆ ಕಟ್ಟಿಕೊಂಡು ಅದೇ ಮಧ್ಯಾಹ್ನ ಊರಿಗೆ ಹೊರಟರು. ಹೊರಡುವ ಗಡಿಬಿಡಿಯಲ್ಲಿ ಮೆಟ್ಟಿಲು ಕಾಣದೆ ಜಾರಿ ಕೈ ಮುರಿದುಕೊಂಡರು. ಅಕ್ಕ ಆ ಹೆಂಗಸಿನ ಜೊತೆ ಆಸ್ಪತ್ರೆಗೆ ಹೋಗಿ, ಪಟ್ಟಿ ಹಾಕಿಸಿ, ಬಸ್ಸು ಹತ್ತಿಸಿ, ದಾರಿಗೆ ತಿಂಡಿ ಕಟ್ಟಿಕೊಟ್ಟು ಬಂದರು. ಬಂದವರೇ ತಮ್ಮ ಮಾತನ್ನೆಲ್ಲ ಒಡೆದು ಬೇರೆ ಕಟ್ಟಿದರು. ಹೆದರಿದವರಿಗೆ ತಮ್ಮ ಕಾಲು ಎಲ್ಲಿ ಬೀಳುತ್ತಿದೆ ಎಂಬುದೇ ಕಾಣುವುದಿಲ್ಲ, ಅವರಿಗೆ ಹೆದರಿಕೆಯ ಬದಲು ಒಂದು ಕೆಲಸ ಕೊಡಬೇಕು ಎಂಬುದು ಅವರ ಹೊಸ ತಿಳಿವಳಿಕೆ.

ಆಗ ಹುಟ್ಟಿದ್ದೇ ಹನ್ನೊಂದು ನಿಮಿಷದ ಮಾತು. ಅದರಲ್ಲಿ ಬರೀ ಕೈಕಾಲಿಗೆ ಕೆಲಸ. ಬೂಟು ಕೊಡವಿ, ನೋಡಿ, ಹಾಕಿ. ಕತ್ತಲಾದ ಮೇಲೆ ಟಾರ್ಚಿನ ಬೆಳಕು ಬೀಳದ ಕಡೆ ಕಾಲಿಡಬೇಡಿ. ಕಾಣದ ಕಡೆಗೆ, ಅಂದರೆ ಕಲ್ಲಿನ ಅಡಿಗೆ, ಮರದ ಪೊಟರೆಗೆ, ಸೌದೆಯ ಒಟ್ಟಿಗೆ ಕೈ ಹಾಕಬೇಡಿ. ಬಿದ್ದ ಮರವನ್ನು ದಾಟುವಾಗ ಮೇಲೆ ಹತ್ತಿ, ಆಚೆ ಬದಿ ನೋಡಿ, ಆಮೇಲೆ ಇಳಿಯಿರಿ. ಕೋತಿಗೆ ತಿನ್ನಲು ಕೊಡಬೇಡಿ, ಕೊಟ್ಟರೆ ಅದು ನಾಳೆ ಕೇಳುವುದಿಲ್ಲ, ಕಸಿದುಕೊಳ್ಳುತ್ತದೆ. ಆನೆಯ ಫೋಟೊದಲ್ಲಿ ಆನೆ ದೊಡ್ಡದಾಗಿ ಕಾಣಬೇಕೆಂದರೆ ಒಳ್ಳೆಯ ಕ್ಯಾಮೆರಾ ತನ್ನಿ, ಹತ್ತಿರ ಹೋಗಬೇಡಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಹಾವನ್ನು ಹಿಡಿಯಲು ಓಡಬೇಡಿ. ಉಂಗುರ, ಬಳೆ, ಬೂಟು ತೆಗೆದು, ಕಾಲು ಅಲುಗದ ಹಾಗೆ ಪಟ್ಟಿ ಇಟ್ಟು, ಔಷಧಿ ಇರುವ ಆಸ್ಪತ್ರೆಗೆ ಹೋಗಿ. ಕೊನೆಯ ಮಾತನ್ನು ಅವರು ಎರಡು ಸಲ ಹೇಳುತ್ತಿದ್ದರು: "ಹತ್ತಿರದ ಆಸ್ಪತ್ರೆ ಅಂತ ಹೇಳ್ಲಿಲ್ಲ. ಔಷಧಿ ಇರೋ ಆಸ್ಪತ್ರೆ. ಯಾವ ದೇಶಕ್ಕೆ ಹೋದ್ರೂ, ರೂಮಿನ ಬೀಗದಕೈ ತಗೊಳ್ಳೋಕೆ ಮುಂಚೆ ಅದನ್ನ ಕೇಳಿ."

ಒಮ್ಮೆ ಒಬ್ಬ ವಕೀಲರು ಎದ್ದುನಿಂತು, "ಇಷ್ಟೆಲ್ಲ ಮಾಡಿದ್ರೂ ಕಚ್ಚಿದ್ರೆ ಯಾರು ಜವಾಬ್ದಾರಿ?" ಎಂದು ಕೇಳಿದರಂತೆ.

"ಅದನ್ನ ನೀವೇ ವಾದ ಮಾಡಿ ತೀರ್ಮಾನ ಮಾಡ್ಬೇಕು ಸಾರ್" ಎಂದರು ಅಕ್ಕ, "ಅದಕ್ಕೆ ನೀವು ಬದುಕಿರ್ಬೇಕು. ಸ್ವಲ್ಪ ಚಪ್ಪಲಿ ಬದಲಾಯಿಸ್ತೀರಾ?" ವಕೀಲರು ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದರು. ಆರು ವರ್ಷದ ಮೇಲೆ ಇನ್ಯಾವುದೋ ಖಂಡದ ಕಾಡಿನಿಂದ ಅವರದೊಂದು ಕಾರ್ಡು ಬಂತು. "ಇವತ್ತು ಬೂಟು ಕೊಡವಿದೆ. ಬಿತ್ತು. ಏನು ಅಂತ ನಿಂತು ನೋಡಲಿಲ್ಲ" ಎಂದಷ್ಟೇ ಅದರಲ್ಲಿತ್ತು. ಅಂಥ ಕಾರ್ಡುಗಳಿಂದ ಅವರ ಕಬ್ಬಿಣದ ಕಪಾಟಿನ ಒಂದು ಬದಿಯೇ ತುಂಬಿಹೋಗಿದೆ.

ಕೊರಳಿಗೆ ಸೀಟಿ ಬಂದದ್ದು ಹತ್ತನೆಯ ವರ್ಷ. ಮಾತು ಅತಿಥಿಗಳಿಗಾಯಿತು, ಕೆಲಸ ಮಾಡುವವರು ನಾವು ಹದಿನೆಂಟು ಜನ. ನಮಗೆ ಹೇಳಿ ಪ್ರಯೋಜನವಿಲ್ಲ, ಮಾಡಿಸಬೇಕು ಎಂದು ಅವರು ಅಭ್ಯಾಸ ಶುರುಮಾಡಿದರು. ಪ್ರತಿ ಸೋಮವಾರ ಬಿಸ್ಕತ್ತಿನ ಡಬ್ಬಿಯಿಂದ ಎಲ್ಲರೂ ಒಂದೊಂದು ಮಡಿಸಿದ ಚೀಟಿ ಎತ್ತಬೇಕು. ಒಂದರಲ್ಲಿ ಮಾತ್ರ ಕೆಂಪು ಚುಕ್ಕೆ. ಅದು ಬಂದವರು ಯಾರಿಗೂ ಹೇಳದೆ, ಆ ವಾರದ ಯಾವುದಾದರೂ ಒಂದು ಹಗಲು ಹೊತ್ತಿನಲ್ಲಿ, ಕಾಲಿನ ಮೇಲೆ ಕೆಂಪು ಶಾಯಿಯಿಂದ ಎರಡು ಚುಕ್ಕೆ ಇಟ್ಟುಕೊಂಡು, "ಕಚ್ಚಿತು!" ಎಂದು ಕೂಗಬೇಕು. ಅಕ್ಕ ಸೀಟಿ ಊದಿ ಗಡಿಯಾರ ಒತ್ತುತ್ತಾರೆ. ಪಟ್ಟಿ ಕಟ್ಟಿ, ಜೀಪಿಗೆ ಏರಿಸಿ, ಕಾಡಿನ ಮಣ್ಣುದಾರಿಯಲ್ಲಿ ಹೊರಗೇಟಿನವರೆಗೆ ಒಯ್ಯಬೇಕು. ಗೇಟಿನಲ್ಲಿ ಎರಡನೆಯ ಸೀಟಿ, ಅಲ್ಲಿಗೆ ಆಟ ಮುಗಿಯಿತು. ಆಸ್ಪತ್ರೆಗೂ ಫೋನು ಮಾಡಬೇಕು, ಆದರೆ "ಅಭ್ಯಾಸ" ಎಂಬ ಮಾತು ಸೇರಿಸಿ. ಗೇಟು ಮುಟ್ಟುವ ಮೊದಲು ಯಾರಾದರೂ ಚೀಟಿಯ ಗುಟ್ಟು ಬಿಟ್ಟುಕೊಟ್ಟರೆ ಒಂದು ವಾರ ಜೀಪು ತೊಳೆಯುವ ಶಿಕ್ಷೆ. ಕೆಲಸಕ್ಕೆ ನೂರು ಅಂಕ, ಅದನ್ನು ಅಕ್ಕ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಈ ಆಟದಲ್ಲಿ ನಮಗೆ ಬಂದ ಹುರುಪು ಹೇಳತೀರದು. ಹೊರಗೇಟಿಗೆ ಇಪ್ಪತ್ತಾರು ನಿಮಿಷ ಹಿಡಿಯುತ್ತಿದ್ದ ದಾರಿ ಇಪ್ಪತ್ತೆರಡಕ್ಕೆ ಇಳಿಯಿತು. ಎಲ್ಲರಿಗಿಂತ ಹೆಚ್ಚು ಹುರುಪು ನಮ್ಮ ಅಡುಗೆಯವರಿಗೆ. ಹರೆಯದಲ್ಲಿ ನಾಟಕದಲ್ಲಿ ರಾಜನ ಪಾತ್ರಕ್ಕೆ ಬಣ್ಣ ಹಚ್ಚಿದವರು, ಹಾಗಾಗಿ ಎಲ್ಲರೂ ಅವರನ್ನು ರಾಜಪಾರ್ಟು ಎನ್ನುತ್ತಿದ್ದರು. ಒಮ್ಮೆ ಚೀಟಿ ಬಂದಾಗ ಬಾಯಲ್ಲಿ ಸೋಪಿನ ನೊರೆ ತುಂಬಿಕೊಂಡು, ಹೆಂಡತಿ ಮಕ್ಕಳನ್ನು ಹೆಸರು ಹಿಡಿದು ಕೂಗಿ, ಜೀಪಿನಲ್ಲೇ ಆಸ್ತಿ ಹಂಚಿದ್ದರು. ಅವರಿಗೆ ಆಸ್ತಿಯೇ ಇರಲಿಲ್ಲ. ಅವರ ಎದುರಾಳಿ ತೋಟದವರು. ನ್ಯಾಯ ಎಂದರೆ ನ್ಯಾಯ ಎನ್ನುವ ಮನುಷ್ಯ, ಊಟದ ಸಾಲಿನಲ್ಲಿ ಒಬ್ಬರು ಮುಂದೆ ನುಗ್ಗಿದರೂ ಬಿಡುವವರಲ್ಲ. ನಾಲ್ಕು ವರ್ಷದಲ್ಲಿ ಅವರಿಗೆ ಒಂದು ಸಲವೂ ಕೆಂಪು ಚುಕ್ಕೆ ಬಂದಿರಲಿಲ್ಲ.

ಇದೆಲ್ಲದರ ನಡುವೆ ಒಂದು ಸಣ್ಣ ಸಂಗತಿ ಬಾಕಿ ಉಳಿದಿತ್ತು. ಅತಿಥಿಗಳಿಗೆ ಬೂಟು ಕಡ್ಡಾಯ. ತರದೆ ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಮೊಣಕಾಲಿನವರೆಗೆ ಕಟ್ಟಿಕೊಳ್ಳಲು ದಪ್ಪ ಕ್ಯಾನ್ವಾಸಿನ ಕಾಲುಚೀಲಗಳನ್ನು ಅಕ್ಕನ ಯಜಮಾನರೇ ಹೊಲಿದು ಕೊಟ್ಟಿದ್ದರು. ಆದರೆ ನಾವು ಹದಿನೆಂಟೂ ಜನ ರಬ್ಬರ್ ಚಪ್ಪಲಿಯಲ್ಲೇ ಓಡಾಡುತ್ತಿದ್ದೆವು. ಕೆಲಸದವರಿಗೂ ಬೂಟು ಬೇಕೆಂದು ಅಕ್ಕ ಮೂರು ವರ್ಷ ಖರೀದಿಯ ಪಟ್ಟಿಯಲ್ಲಿ ಬರೆದರು. ವ್ಯವಸ್ಥಾಪಕರು ಮೂರು ವರ್ಷವೂ ಅದರ ಮೇಲೆ ಗೆರೆ ಎಳೆದರು. "ಅವರು ಇಲ್ಲೇ ಹುಟ್ಟಿ ಬೆಳೆದೋರು, ಅವರಿಗೆ ಹಾವೇನು ಹೊಸದಾ?" ಎಂಬುದು ಅವರ ವಾದ. ನಾಲ್ಕನೆಯ ವರ್ಷ ಅಕ್ಕ ಬರೆಯಲಿಲ್ಲ. ಹೇಗೂ ಕೊಡುವುದಿಲ್ಲ ಎಂದು ಬಿಟ್ಟರು. ತಮ್ಮ ಜೀವನದ ದೊಡ್ಡ ತಪ್ಪು ಅದು ಎಂದು ಅವರು ಹೇಳುತ್ತಾರೆ. ಅವರು ಹೇಳಿದಂತೆಯೇ ಇಲ್ಲಿ ಬರೆದಿದೆ.

ಅದು ಒಂದು ಗುರುವಾರ, ಬೆಳಗಿನ ಹತ್ತೂವರೆ. ಅತಿಥಿಗಳೆಲ್ಲ ಕಾಡಿಗೆ ಹೋಗಿದ್ದರು. ಅಕ್ಕ ಜಗಲಿಯಲ್ಲಿ ಟಾರ್ಚುಗಳಿಗೆ ಸೆಲ್ಲು ಹಾಕುತ್ತ ಕುಳಿತಿದ್ದರು. ಅಡುಗೆಮನೆಯ ಹಿಂದಿನಿಂದ, "ಅಯ್ಯಯ್ಯೋ, ಕಚ್ಚಿತು!" ಎಂದು ರಾಜಪಾರ್ಟಿನ ದನಿ ಬಂತು. ಅಕ್ಕ ನಗುತ್ತ ಎದ್ದು ಸೀಟಿ ಊದಿದರು, ಗಡಿಯಾರ ಒತ್ತಿದರು.

ಆಹಾ, ಆ ದಿನದ ಕೆಲಸವನ್ನು ನೋಡಬೇಕಿತ್ತು! ಒಂದೇ ನಿಮಿಷದಲ್ಲಿ ರಾಜಪಾರ್ಟನ್ನು ಹಲಗೆಯ ಮೇಲೆ ಮಲಗಿಸಿಯಾಗಿತ್ತು. ಎಡಗಾಲಿನ ಕಿರುಬೆರಳಿನ ಪಕ್ಕ ಎರಡು ಚುಕ್ಕೆ. "ಈ ಸಲ ಶಾಯಿ ಚೆನ್ನಾಗಿ ಹಚ್ಚಿದ್ದೀಯ ಮಾರಾಯ" ಎಂದರು ಜೀಪಿನ ಚಾಲಕರು. ತೋಟದವರು ಓಡಿಬಂದು ಕಾಲಿಗೆ ಪಟ್ಟಿ ಕಟ್ಟಿದರು, ಬಿಗಿಯಾಗದ ಹಾಗೆ, ಸಡಿಲವೂ ಆಗದ ಹಾಗೆ. ಬೆರಳಿನ ಉಂಗುರ ತೆಗೆದಾಯಿತು. ಯಾರೂ ಹಾವು ಹುಡುಕಲು ಹೋಗಲಿಲ್ಲ. ಆಸ್ಪತ್ರೆಗೆ ಫೋನು ಹೋಯಿತು, "ಅಭ್ಯಾಸ" ಎಂದೂ ಹೇಳಲಾಯಿತು. ನಾಲ್ಕೇ ನಿಮಿಷಕ್ಕೆ ಜೀಪು ಹೊರಟಿತು. ಒಳಗೆ ಚಾಲಕರು, ಅಕ್ಕ, ರಾಜಪಾರ್ಟು, ಅವರ ಕಾಲು ಹಿಡಿದ ತೋಟದವರು.

"ನಿಜವಾಗ್ಲೂ ಕಚ್ಚಿದೆ ಅಕ್ಕಾ" ಎಂದರು ರಾಜಪಾರ್ಟು.

"ಹೋದ ಸಲಾನೂ ಹಾಗೇ ಅಂದಿದ್ದೆ ಅಣ್ಣ" ಎಂದರು ಅಕ್ಕ.

"ಸೌದೆ ಎಳೆಯೋವಾಗ. ಹೆಡೆ ನೋಡ್ದೆ. ಉರೀತಿದೆ ಅಕ್ಕಾ."

"ಹೆಡೆ ಬೇರೆ ಸೇರಿಸ್ದ!" ಎಂದು ಚಾಲಕರು ನಕ್ಕರು. "ಅಕ್ಕಾ, ಹನ್ನೊಂದು ನಿಮಿಷಕ್ಕೆ ಹಳ್ಳ ದಾಟಿದ್ವಿ. ಇವತ್ತು ದಾಖಲೆ!"

ಅಕ್ಕ ಮಡಿಲಿನ ಪುಸ್ತಕದಲ್ಲಿ ಬರೆದರು: "ನಟನೆ ಅತಿಯಾಯಿತು. ಎರಡು ಅಂಕ ಕಡಿತ." ಆ ಪುಟ ಈಗಲೂ ಇದೆ. ಯಾರು ಕೇಳಿದರೂ ತೆರೆದು ತೋರಿಸುತ್ತಾರೆ.

ತೋಟದವರು ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. ಏನೋ ಹೇಳಲು ಬಾಯಿ ತೆರೆಯುವುದು, ಜೀಪು ತೊಳೆಯುವ ಶಿಕ್ಷೆ ನೆನಪಾಗಿ ಮುಚ್ಚುವುದು. ಗೇಟು ಕಾಣಿಸಿತು. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ನಲವತ್ತು ಸೆಕೆಂಡು! ಚಾಲಕರು ಹಾರ್ನ್ ಬಾರಿಸಿ ಕೇಕೆ ಹಾಕಿದರು. ಅಕ್ಕ ಸೀಟಿಯನ್ನು ತುಟಿಗೆ ಇಟ್ಟರು. ಆಗ ತೋಟದವರಿಗೆ ತಡೆಯಲಾಗಲಿಲ್ಲ. ಗೇಟು ಬಂತಲ್ಲ, ಇನ್ನು ಶಿಕ್ಷೆಯಿಲ್ಲ ಎಂದು ಜೇಬಿಗೆ ಕೈ ಹಾಕಿದರು.

"ಅಕ್ಕಾ, ಇದು ಅನ್ಯಾಯ. ನಾಲ್ಕು ವರ್ಷ ಕಾದಿದ್ದೀನಿ. ಚೀಟಿ ನನ್ನ ಹತ್ರ ಇದೆ. ಇವ್ನು ಯಾಕೆ ಕಚ್ಚಿಸ್ಕೊಂಡ?"

ಅಂಗೈಯಲ್ಲಿ ಕೆಂಪು ಚುಕ್ಕೆಯ ಚೀಟಿ.

ಅಕ್ಕ ಚೀಟಿ ನೋಡಿದರು. ರಾಜಪಾರ್ಟಿನ ಮುಖ ನೋಡಿದರು. ಎರಡು ರೆಪ್ಪೆಗಳೂ ಅರ್ಧಕ್ಕೆ ಇಳಿದು ನಿಂತಿದ್ದವು. ರಾಜಪಾರ್ಟು ಕಣ್ಣು ತೆರೆಯಲು ಹಣೆಯನ್ನು ಮೇಲಕ್ಕೆ ಎಳೆಯುತ್ತಿದ್ದರು, ಹಣೆಯಲ್ಲಿ ಗೆರೆ ಮೂಡುತ್ತಿತ್ತು, ರೆಪ್ಪೆ ಏಳುತ್ತಿರಲಿಲ್ಲ. ಯಾವ ನಟನೂ ಅದನ್ನು ಮಾಡಲಾರ. ಪಟ್ಟಿಯ ಕೆಳಗೆ ಪಾದ ಊದಿತ್ತು. ಸೀಟಿ ಅಕ್ಕನ ತುಟಿಯಿಂದ ಜಾರಿ ಎದೆಯ ಮೇಲೆ ಬಿತ್ತು.

"ಗಾಡಿ ನಿಲ್ಲಿಸ್ಬೇಡ. ಹೋಗು" ಎಂದರು.

"ಗೇಟು ಬಂತಲ್ಲ ಅಕ್ಕಾ?"

"ಚೀಟಿ ಇಲ್ಲಿದೆ. ಅವನಿಗೆ ನಿಜವಾಗಿ ಕಚ್ಚಿದೆ. ಹೋಗು!"

ಚಾಲಕರ ನಗು ಅಲ್ಲೇ ನಿಂತಿತು. ಜೀಪು ನಿಲ್ಲಲಿಲ್ಲ. ಅಕ್ಕ ರಾಜಪಾರ್ಟನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಕಟ್ಟುತ್ತಿದ್ದ ಎಂಜಲು ಹೊರಗೆ ಹರಿಯುವಂತೆ ತಲೆ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಫೋನು.

"ಸಿಸ್ಟರ್, ಈಗ್ತಾನೆ ಹೇಳಿದ್ದು ಅಭ್ಯಾಸ ಅಲ್ಲ. ನಿಜ."

ಆ ಕಡೆಯಿಂದ ನಗು ಕೇಳಿಸಿತು. "ಈ ಸಲ ನೀವೂ ಪಾರ್ಟು ಮಾಡ್ತಿದ್ದೀರಾ ಅಕ್ಕಾ?"

ಇಷ್ಟು ವರ್ಷ ಎಷ್ಟೋ ಸಲ ಫೋನು ಮಾಡಿ, ಎಷ್ಟೋ ಸಲ ಸುಳ್ಳು ನೋವು ವಿವರಿಸಿದ ದನಿ ಅದು. ಆ ದನಿಯನ್ನು ನಂಬಿಸಲು ಈಗ ಯಾವ ಮಾತಿದೆ? ಅಕ್ಕ ಕೂಗಾಡಲಿಲ್ಲ. ಕಂಡದ್ದನ್ನು ಹೇಳಿದರು.

"ಎರಡೂ ರೆಪ್ಪೆ ಬಿದ್ದಿದೆ. ಎಂಜಲು ನುಂಗೋಕೆ ಆಗ್ತಿಲ್ಲ. ಕಚ್ಚಿ ಇಪ್ಪತ್ತಮೂರು ನಿಮಿಷ ಆಯ್ತು. ಹೆಡೆ ನೋಡಿದ್ದಾನೆ. ಇನ್ನು ಮೂವತ್ತೈದು ನಿಮಿಷಕ್ಕೆ ಬಾಗಿಲಲ್ಲಿರ್ತೀವಿ."

ನಗು ನಿಂತಿತು. "ಔಷಧಿ ತೆಗೀತೀನಿ. ಡಾಕ್ಟ್ರನ್ನ ಬಾಗಿಲಿಗೇ ಕರೀತೀನಿ. ಬನ್ನಿ ಅಕ್ಕಾ."

ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಚಿಕಿತ್ಸಾಲಯವಿದೆ, ದೊಡ್ಡ ಫಲಕ, ಬಾಗಿಲಲ್ಲಿ ಹೂವಿನ ಕುಂಡ. ಚಾಲಕರು ವೇಗ ತಗ್ಗಿಸಿದರು. "ಇಲ್ಲೇ ತೋರಿಸೋಣ ಅಕ್ಕಾ, ದಮ್ಮಯ್ಯ, ಉಸಿರು ನೋಡಿ ಹೇಗೆ ಎಳೀತಿದ್ದಾನೆ!" ಆದರೆ ಪ್ರತಿ ತಿಂಗಳ ಒಂದನೇ ತಾರೀಕು ಸುತ್ತಲಿನ ಎಲ್ಲ ಆಸ್ಪತ್ರೆಗಳಿಗೆ ಫೋನು ಮಾಡಿ ಎಲ್ಲಿ ಎಷ್ಟು ಬಾಟಲಿ ಔಷಧಿ ಇದೆ ಎಂದು ಅಕ್ಕ ಬರೆದಿಟ್ಟುಕೊಳ್ಳುತ್ತಿದ್ದರು. ಆ ಚಿಕಿತ್ಸಾಲಯದ ಮುಂದೆ ಆ ತಿಂಗಳು ಸೊನ್ನೆ ಇತ್ತು. "ಇಲ್ಲಿ ಇಳಿಸಿದ್ರೆ ದೊಡ್ಡಾಸ್ಪತ್ರೆಗೆ ಅಂತ ಬರೆದುಕೊಟ್ಟು ಮತ್ತೆ ಜೀಪು ಹತ್ತಿಸ್ತಾರೆ. ಮುಂದೆ ಹೋಗು" ಎಂದರು. ತೋಟದವರು ಒಂದೇ ಸಮನೆ ರಾಜಪಾರ್ಟಿನ ಕಿವಿಯ ಹತ್ತಿರ ಹೇಳುತ್ತಿದ್ದರು: "ಚೀಟಿ ನೀನೇ ಇಟ್ಕೋ ಮಾರಾಯ. ನಂಗೆ ಬೇಡ. ನೀನೇ ಇಟ್ಕೋ."

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು, ಸಿಸ್ಟರು ಗಾಲಿಮಂಚ ಹಿಡಿದು ನಿಂತಿದ್ದರು. ಅಕ್ಕ ಆಗ ಗಡಿಯಾರ ಒತ್ತಿದರು. ಐವತ್ತಾರು ನಿಮಿಷ. ಒಳಗೆ ಹೋಗಿ ಹತ್ತು ನಿಮಿಷಕ್ಕೆ ರಾಜಪಾರ್ಟಿನ ಉಸಿರು ನಿಂತಿತು. ಆದರೆ ಆಗ ಅವರ ಬಾಯಿಗೆ ಕೊಳವೆ ಇಳಿಸಲು ಕೈಗಳಿದ್ದವು, ಪಕ್ಕದಲ್ಲಿ ಯಂತ್ರವಿತ್ತು, ಔಷಧಿ ಆಗಲೇ ರಕ್ತಕ್ಕೆ ಇಳಿಯುತ್ತಿತ್ತು. ಜೀಪಿನಲ್ಲಿ ಇವು ಯಾವುವೂ ಇರಲಿಲ್ಲ.

ಅಕ್ಕ ಎರಡು ದಿನ ಆಸ್ಪತ್ರೆಯ ಪಡಸಾಲೆಯ ಬೆಂಚು ಬಿಟ್ಟು ಏಳಲಿಲ್ಲ. ಅಂಗಡಿ ಮುಚ್ಚಿ ಬಂದ ಯಜಮಾನರು ಪಕ್ಕದಲ್ಲಿ ಕೂತು, "ಅಭ್ಯಾಸ ಮಾಡ್ಸಿದ್ಯಲ್ಲ, ಅದಕ್ಕೇ ಬದುಕಿದ್ದಾನೆ" ಎಂದು ಸಮಾಧಾನ ಹೇಳಿದರು. "ಅಭ್ಯಾಸ ಮಾಡ್ಸಿದ್ದಕ್ಕೇ ಯಾರೂ ನಂಬಲಿಲ್ಲ" ಎಂದರು ಅಕ್ಕ. "ಎರಡೂ ನಿಜ. ಆದ್ರೆ ಕಾಲಲ್ಲಿ ಬೂಟಿದ್ದಿದ್ರೆ ಎರಡೂ ಬೇಕಾಗ್ತಿರ್ಲಿಲ್ಲ."

ಮೂರನೆಯ ದಿನ ಕೊಳವೆ ತೆಗೆದ ಮೇಲೆ ರಾಜಪಾರ್ಟು ಕರಕರ ದನಿಯಲ್ಲಿ ಕೇಳಿದ ಮೊದಲ ಮಾತು: "ಎಷ್ಟು ಅಂಕ ಬಂತಕ್ಕಾ?"

"ತೊಂಬತ್ತೆಂಟು ಕೊಟ್ಟಿದ್ದೆ" ಎಂದರು ಅಕ್ಕ. "ಕಡಿದ ಎರಡು ವಾಪಸ್ ಕೊಟ್ಟಿದ್ದೀನಿ." ಹೇಳಿ ಹೊರಗೆ ಬಂದು ಅತ್ತರು. ಅವರು ಅತ್ತದ್ದನ್ನು ನಾವು ನೋಡಿದ್ದು ಅದೊಂದೇ ಸಲ.

ಆಮೇಲೆ ಅವರು ವ್ಯವಸ್ಥಾಪಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಆಸ್ಪತ್ರೆಯ ಬಿಲ್ಲು, ಇನ್ನೊಂದು ಹದಿನೆಂಟು ಜೊತೆ ಬೂಟಿನ ಪಟ್ಟಿ. "ಸಾರ್, ಇಲ್ಲೇ ಹುಟ್ಟಿ ಬೆಳೆದೋನ ಬಿಲ್ಲು ಇದು" ಎಂದಷ್ಟೇ ಹೇಳಿದರು. ವ್ಯವಸ್ಥಾಪಕರು ಎರಡಕ್ಕೂ ಸಹಿ ಹಾಕಿದರು. ಇವತ್ತು ಈ ಸಂಪುಟದ ಖರ್ಚನ್ನು ವಹಿಸಿಕೊಂಡವರೂ ಅವರೇ ಎಂಬುದನ್ನು ಸಂತೋಷದಿಂದ ಹೇಳಬೇಕು.

ಅಭ್ಯಾಸದ ಕಟ್ಟಳೆಗಳೂ ಬದಲಾದವು. ಕೆಂಪು ಚೀಟಿಯವರು ಕೂಗುವಾಗಲೇ ಚೀಟಿಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಕು. ಚೀಟಿ ಕಾಣದಿದ್ದರೆ ನಿಜವೆಂದೇ ಲೆಕ್ಕ, ಆಸ್ಪತ್ರೆಗೆ "ಅಭ್ಯಾಸ" ಎಂಬ ಮಾತು ಹೋಗುವುದಿಲ್ಲ. ಎರಡನೆಯ ಸೀಟಿ ಈಗ ಗೇಟಿನಲ್ಲಿ ಇಲ್ಲ, ಆಸ್ಪತ್ರೆಯ ಬಾಗಿಲಲ್ಲಿ. ಸೌದೆಯ ಒಟ್ಟು ಅಡುಗೆಮನೆಯ ಗೋಡೆ ಬಿಟ್ಟು ಮೂವತ್ತು ಹೆಜ್ಜೆ ದೂರ ಹೋಗಿದೆ, ಕಟ್ಟೆಯ ಮೇಲೆ. ಈ ಪದ್ಧತಿಯನ್ನು ನೋಡಿಕೊಂಡು ಹೋಗಲು ದೂರದೂರದ ಕಾಡಂಚಿನ ವಸತಿಗೃಹಗಳವರು ಬಂದರು. ಅವರೆಲ್ಲರಿಗೂ ಅಕ್ಕ ಮೊದಲು ತೋರಿಸಿದ್ದು ಎರಡು ಅಂಕ ಕಡಿದ ಆ ಪುಟವನ್ನೇ.

ಹೋದ ಸೋಮವಾರ ಅವರು ಕೊರಳಿನ ಸೀಟಿ ತೆಗೆದು ತೋಟದವರ ಕೊರಳಿಗೆ ಹಾಕಿದರು. "ಇದು ಅನ್ಯಾಯ, ಕಚ್ಚಿಸ್ಕೊಂಡೋನು ನಾನು!" ಎಂದು ರಾಜಪಾರ್ಟು ಗಲಾಟೆ ಮಾಡಿದರು. "ನೀನು ಕೂಗೋನು ಅಣ್ಣ. ಅನ್ಯಾಯ ಕಂಡ್ರೆ ಬಾಯಿ ಮುಚ್ಚೋಕಾಗದೋನು ಇವನು. ಸೀಟಿ ಇವನ ಹತ್ರಾನೇ ಇರ್ಲಿ" ಎಂದರು ಅಕ್ಕ.

ಸೀಟಿಯಕ್ಕನವರು ನೂರು ಕಾಲ ಬಾಳಲಿ. ಯಜಮಾನರ ಅಂಗಡಿಯಲ್ಲಿ ಕೂತು ಕಾಲುಚೀಲಕ್ಕೆ ಗುಂಡಿ ಹಚ್ಚುತ್ತೇನೆ ಎನ್ನುತ್ತಿದ್ದಾರೆ, ಹಚ್ಚಲಿ. ಅಂಗಡಿಗೆ ಬಂದವರು ಪ್ರಯಾಣದ ಸುದ್ದಿ ಎತ್ತಿದರೆ ಆ ಹನ್ನೊಂದು ನಿಮಿಷದ ಮಾತನ್ನು ಅವರು ಬಿಡುವವರಲ್ಲ ಎಂದು ನಮಗೆ ಗೊತ್ತು. ಕೇಳುವವರ ಕಾಲಿಗೆ ಅದು ಕ್ಷೇಮ ತರಲಿ.

ಮೂವತ್ತೊಂದು ವರ್ಷದಲ್ಲಿ ಇಲ್ಲಿಂದ ಅತಿಥಿಗಳೆಲ್ಲ ತಮ್ಮ ಕಾಲ ಮೇಲೆ ನಡೆದುಕೊಂಡೇ ಮನೆಗೆ ಹೋದರು. ಕೆಲಸದವರಿಗೆ ಹದಿನೆಂಟು ಜೊತೆ ಬೂಟು ಬಂತು, ನಾಲ್ಕು ವರ್ಷ ತಡವಾಗಿ. ರಾಜಪಾರ್ಟಿನ ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಮನುಷ್ಯ ಉಳಿದ.